ತೂತು ತಪ್ಪಿದ ಹಲಗೆಗಳು

ಹಿರೇಕೆರೂರಿನಿಂದ ಹಂಸಭಾವಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಕಪಾಟಿನ ಕಾರ್ಖಾನೆ ಇದೆ. ಕಾರ್ಖಾನೆ ಎಂಬ ದೊಡ್ಡ ಹೆಸರು ನಮ್ಮ ಮನೆಯವರು ಬೋರ್ಡಿನ ಮೇಲೆ ಬರೆಸಿದ್ದು. ಒಳಗೆ ಬಂದವರಿಗೆ ಕಾಣುವುದು ಒಂದು ತಗಡಿನ ಶೆಡ್ಡು, ಹಲಗೆ ಕೊಯ್ಯುವ ಯಂತ್ರ, ಅಂಚಿಗೆ ಪಟ್ಟಿ ಅಂಟಿಸುವ ಯಂತ್ರ, ತೂತು ಹೊಡೆಯುವ ಯಂತ್ರ, ಮತ್ತು ಇವುಗಳ ನಡುವೆ ದಿನವಿಡೀ ಜಗಳವಾಡುವ ಗಂಡ ಹೆಂಡತಿ. ಜಗಳವಾಡುವವಳು ನಾನು, ಅವರು ಕೇಳಿಸಿಕೊಳ್ಳುವವರು. ನನ್ನ ಬಾಯಿ ಜೋರು ಎಂದು ಚಿಕ್ಕೇರೂರಿನ ನನ್ನ ತವರಿನಲ್ಲೂ ಹೇಳುತ್ತಾರೆ, ಮಾಸೂರಿನ ಅತ್ತೆಮನೆಯಲ್ಲೂ ಹೇಳುತ್ತಾರೆ. ಇರಲಿ. ಯಂತ್ರಗಳ ಸದ್ದಿನಲ್ಲಿ ಮೆಲ್ಲಗೆ ಮಾತಾಡುವವರು ಬದುಕುವುದು ಕಷ್ಟ.

ನಮ್ಮ ಕಪಾಟುಗಳು ಹಾನಗಲ್ಲು, ಸವಣೂರು, ಶಿಗ್ಗಾವಿಯ ತನಕ ಹೋಗುತ್ತವೆ. ನಾವು ಮೊಳೆ ಹೊಡೆಯುವುದಿಲ್ಲ. ಎರಡು ಹಲಗೆ ಕೂಡುವ ಕಡೆ ಎರಡಕ್ಕೂ ಎದುರುಬದುರು ತೂತು ಹೊಡೆದು, ಕಿರುಬೆರಳಿಗಿಂತ ಸಣ್ಣ ಕಟ್ಟಿಗೆಯ ಗೂಟಕ್ಕೆ ಅಂಟು ಹಚ್ಚಿ ಒಳಗೆ ಕೂರಿಸಿ, ಹಲಗೆಗಳನ್ನು ಬಡಿದು ಒಂದು ಮಾಡುತ್ತೇವೆ. ಆ ಗೂಟಕ್ಕೆ ಡೋವೆಲ್ ಎನ್ನುತ್ತಾರೆ. ಕೂಡಿದ ಮೇಲೆ ಹೊರಗಿನಿಂದ ಏನೂ ಕಾಣುವುದಿಲ್ಲ, ಕಪಾಟು ಒಂದೇ ಮರದಿಂದ ಕಡೆದಂತೆ ನಿಲ್ಲುತ್ತದೆ. ಆದರೆ ಈ ಹಲಗೆಯ ತೂತು ಆ ಹಲಗೆಯ ತೂತಿಗೆ ಸ್ವಲ್ಪ ತಪ್ಪಿದರೂ ಸಾಕು, ಒಂದು ಹಲಗೆ ಇನ್ನೊಂದಕ್ಕಿಂತ ಎದ್ದು ನಿಲ್ಲುತ್ತದೆ. ಒಮ್ಮೆ ಅಂಟು ಒಣಗಿತೆಂದರೆ ಯಾವ ದೇವರೂ ಅದನ್ನು ಸರಿಮಾಡಲಾರ.

ಮೊದಲೆಲ್ಲ ಮನೆಯವರು ಗುರುತು ಹಾಕಿಕೊಂಡು ಕೈಯಿಂದಲೇ ತೂತು ಹೊಡೆಯುತ್ತಿದ್ದರು. ಆಮೇಲೆ ಶುಗರ್ ಬಂತು. ಅದರ ಬೆನ್ನಿಗೇ ಎಡಗಣ್ಣಿನೊಳಗೆ ರಕ್ತ ಇಳಿಯಿತು. ಹುಬ್ಬಳ್ಳಿಯ ಡಾಕ್ಟರು ಸೂಜಿ ಹಾಕಿದರು, ಲೇಸರ್ ಹೊಡೆದರು, ಕೊನೆಗೆ ಆ ಕಣ್ಣಿನ ಆಸೆ ಬಿಡಿ, ಬಲಗಣ್ಣನ್ನಾದರೂ ಉಳಿಸಿಕೊಳ್ಳಿ, ತಪ್ಪದೆ ಬಂದು ತೋರಿಸುತ್ತಿರಿ ಎಂದರು. ಒಂದೇ ಕಣ್ಣಿದ್ದವರಿಗೆ ಡ್ರಿಲ್ಲಿನ ಮೊನೆ ಗುರುತಿನಿಂದ ಎಷ್ಟು ದೂರವಿದೆ ಎಂಬುದು ತಿಳಿಯುವುದಿಲ್ಲವಂತೆ. ಅದಕ್ಕಾಗಿಯೇ ತೂತಿನ ಯಂತ್ರ ತಂದೆವು. ಅದರ ಹಾಸಿನ ಮೇಲೆ ಹಲಗೆ ಇಟ್ಟು, ಎದುರಿಗಿರುವ ಕರಿ ಕಬ್ಬಿಣದ ತಡೆಪಟ್ಟಿಗೆ ತಾಗುವ ತನಕ ದಬ್ಬಬೇಕು. ಪೆಡಲ್ ತುಳಿದರೆ ಮೇಲಿನಿಂದ ಗಾಳಿಯ ಒತ್ತು ಹಲಗೆಯನ್ನು ಹಿಡಿಯುತ್ತದೆ, ಕೆಳಗಿನಿಂದ ಸಾಲು ಡ್ರಿಲ್ಲುಗಳು ತಿರುಗುತ್ತ ಏರಿ ಬರುತ್ತವೆ. ಗುರುತು ಹಾಕುವ ರಗಳೆಯೇ ಇಲ್ಲ.

“ಇನ್ನ ನನ್ನ ಕಣ್ಣಿನ ಕೆಲಸ ಇದ ಮಾಡ್ತೈತಿ,” ಎಂದು ಮನೆಯವರು ಯಂತ್ರದ ಮೇಲೆ ಕೈಯಾಡಿಸಿದರು. ಅಷ್ಟು ಖುಷಿ ನಮ್ಮ ಮದುವೆಯ ದಿನವೂ ಅವರ ಮುಖದಲ್ಲಿ ನೋಡಿರಲಿಲ್ಲ. ಆದರೆ ಯಂತ್ರ ಬಂದ ಮೇಲೆ ಹುಬ್ಬಳ್ಳಿಗೆ ಹೋಗುವುದನ್ನೇ ಬಿಟ್ಟುಬಿಟ್ಟರು. ನಾನು ನೆನಪಿಸಿದಾಗಲೆಲ್ಲ “ಕೆಲಸ ಐತಿ, ಮುಂದಿನ ವಾರ ಹೋಗೂಣು” ಎನ್ನುವ ಒಂದೇ ಉತ್ತರ.

ಸವಣೂರಿನ ಒಂದು ಮನೆಗೆ ಬಟ್ಟೆಯ ಕಪಾಟು ಮಾಡಿ ಒಯ್ದಾಗ ಮೊದಲ ಸಲ ತಪ್ಪು ಕಂಡಿತು. ಆಚಾರ್ಯರ ಮನೆ. ಮನೆಯ ಹಿರಿಯಾಕೆ ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು, ಮಡಿಸೀರೆಯಂತೆಯೇ ಎಲ್ಲವೂ ನೆಟ್ಟಗೆ ಇರಬೇಕು ಎನ್ನುವವರು. ಕಪಾಟು ನಿಲ್ಲಿಸಿದ ಮೇಲೆ ಅವರು ಮೇಲಿನ ಮೂಲೆಯ ಮೇಲೆ ಬೆರಳೆಳೆದು ನಿಂತರು.

“ಇಲ್ಲಿ ಕೈಗೆ ತಾಕತದಲ್ರಿ,” ಎಂದರು.

ನಾನೂ ಬೆರಳೆಳೆದೆ. ಮೇಲಿನ ಹಲಗೆ ಪಕ್ಕದ ಹಲಗೆಗಿಂತ ಉಗುರಿನ ದಪ್ಪ ಎದ್ದು ನಿಂತಿತ್ತು. ಮನೆಯವರು ತಮ್ಮ ಉಗುರಿನಿಂದ ಆ ಅಂಚನ್ನು ಕೆರೆದು ನೋಡಿದರು. ಹಿರಿಯಾಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, “ಇರ್ಲಿ ಬಿಡ್ರಿ, ಬಟ್ಟಿ ಇಡೂದಕ್ಕ ಏನ್ ಆಗಬೇಕಾಗೇದ” ಎಂದು ಚಹಾ ಕೊಟ್ಟರು. ಬೇರೆ ಕಪಾಟು ಮಾಡಿಕೊಡುತ್ತೇವೆ ಎಂದು ಹೇಳಿ ಬಂದೆವು.

ದಾರಿಯುದ್ದಕ್ಕೂ ನನಗೆ ಕಪಾಟಿನ ಚಿಂತೆ ಇರಲಿಲ್ಲ. ಬಲಗಣ್ಣಿನದೇ ಚಿಂತೆ. ಯಂತ್ರ ತಪ್ಪಿದ್ದರೆ ಯಾವನೋ ಫಿಟ್ಟರ್ ಬಂದು ಸ್ಕ್ರೂ ತಿರುಗಿಸಿ ಸರಿಮಾಡುತ್ತಾನೆ. ಅದು ಯಂತ್ರದ್ದಲ್ಲದಿದ್ದರೆ ಏನು ಮಾಡುವುದು? ತಪ್ಪು ಯಂತ್ರದ್ದೇ ಆಗಿರಲಪ್ಪ ಎಂದು ದಾರಿಯಲ್ಲಿ ಬಂದ ಗುಡಿಗಳಿಗೆಲ್ಲ ಕೈ ಮುಗಿದೆ. “ನಿಮಗ ಕಾಣತೈತಿ ಹೌದಲ್ಲ?” ಎಂದು ಕೇಳಿಯೂ ಕೇಳಿದೆ. “ನಿನ್ನ ಮೂಗಿನ ಮ್ಯಾಲಿನ ಸಿಟ್ಟು ಸುದ್ದಾ ಕಾಣತೈತಿ,” ಎಂದು ನಕ್ಕರು.

ಮರುದಿನದಿಂದ ಯಂತ್ರದ ತಪಾಸಣೆಗೆ ಕುಳಿತೆವು. ಮೊದಲು ಡ್ರಿಲ್ ಬಿಟ್ಟುಗಳನ್ನು ಬಿಚ್ಚಿದೆವು. ಬಿಟ್ಟು ಮೊಂಡಾದರೆ ತಿರುಗುವಾಗ ಅಡ್ಡಾಡುತ್ತದೆ, ತೂತು ದೊಡ್ಡದಾಗುತ್ತದೆ. ಅವೆಲ್ಲವನ್ನೂ ಗಾಜಿನ ಮೇಲೆ ಉರುಳಿಸಿ ನೋಡಿದೆ, ಡೊಂಕಿರಲಿಲ್ಲ. ಆದರೂ ಹೊಸವನ್ನೇ ಹಾಕಿದೆವು. ಅವುಗಳನ್ನು ಹಿಡಿಯುವ ಬಾಯಿಯ ಸ್ಕ್ರೂಗಳನ್ನು ಬಿಗಿದೆವು. ಹಲಗೆಯ ದಪ್ಪ ಅಳೆದೆವು, ಏಕೆಂದರೆ ಕಂಪನಿ ಬದಲಾದರೆ ದಪ್ಪವೂ ಬದಲಾಗುತ್ತದೆ. ಗಾಳಿಯ ಒತ್ತು ಕಡಿಮೆಯಾಗಿ ಹಲಗೆ ಜರುಗುತ್ತಿದೆಯೇ ಎಂದು ನೋಡಿದೆವು. ಹಾಸಿನ ಮೇಲಿನ ಹೊಟ್ಟನ್ನು ಪೈಪಿನಿಂದ ಊದಿದೆವು. ಅಳತೆಯ ಕ್ಯಾಲಿಪರ್ ಹಿಡಿಯಬೇಕಾದಾಗಲೆಲ್ಲ ಮನೆಯವರು ಅದನ್ನು ನನ್ನ ಕೈಗೆ ಕೊಡುತ್ತಿದ್ದರು.

“ನೀ ನೋಡಿ ಹೇಳು. ಚಸ್ಮಾ ಎಲ್ಲಿ ಇಟ್ಟೇನೋ ಏನೋ.”

ಅವರ ಚಸ್ಮಾ ಕಳೆಯುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಬೈದುಕೊಳ್ಳುತ್ತ ನಾನೇ ನೋಡಿ ಹೇಳಿದೆ.

ಆಮೇಲೆ ತುಂಡು ಹಲಗೆಗಳನ್ನು ಒಂದಾದ ಮೇಲೊಂದು ಇಟ್ಟು ತೂತು ಹೊಡೆಯಿರಿ ಎಂದೆ. ನನ್ನದೊಂದು ಲೆಕ್ಕಾಚಾರವಿತ್ತು. ಯಂತ್ರದ ತಪ್ಪಾದರೆ ಎಲ್ಲ ತುಂಡಿನಲ್ಲೂ ಒಂದೇ ಥರ ಇರಬೇಕು. ಮನುಷ್ಯನ ತಪ್ಪಾದರೆ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ಒಂದರಲ್ಲಿ ವಕ್ರ ಆಗಬೇಕು. ಕಣ್ಣು ಮಂಜಾದವರ ಕೈ ದಿನಕ್ಕೆ ಹತ್ತು ಸಲ ಹತ್ತು ಥರ ತಪ್ಪುತ್ತದೆ ಎಂದು ನನ್ನ ನಂಬಿಕೆ. ಅವರು ಹಲಗೆ ದಬ್ಬಿದರು, ಪೆಡಲ್ ತುಳಿದರು, ತೆಗೆದರು, ಇನ್ನೊಂದು ಇಟ್ಟರು. ನಾನು ಒಂದೊಂದನ್ನೂ ಅಳೆದೆ. ಅಂಚಿಗೆ ತೂತು ಎಷ್ಟು ಹತ್ತಿರ ಬರಬೇಕಿತ್ತೋ ಅದಕ್ಕಿಂತ ಹತ್ತಿರ ಬಂದಿತ್ತು, ಮತ್ತು ಎಲ್ಲ ತುಂಡುಗಳಲ್ಲೂ ಅಷ್ಟೇ ಹತ್ತಿರ ಬಂದಿತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಯಂತ್ರದ್ದೇ ತಪ್ಪು! ಆ ಮಧ್ಯಾಹ್ನ ಶೇಂಗಾ ಹೋಳಿಗೆ ಮಾಡಿದೆ. ಶುಗರ್ ಇದ್ದವರಿಗೆ ಹೋಳಿಗೆ ಏನು ಎಂದು ಯಾರಾದರೂ ಕೇಳಿದ್ದರೆ ಅವರ ಬಾಯಿಗೂ ಒಂದು ತುರುಕುತ್ತಿದ್ದೆ.

ತಡೆಪಟ್ಟಿಯ ಬೆನ್ನಿಗೆ ಅದನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂ ಇದೆ. ನಾನು ಹಲಗೆಯ ಅಂಚಿಗೆ ಪಟ್ಟಿ ಅಂಟಿಸುತ್ತ ನಿಲ್ಲುವುದು ಆ ಬೆನ್ನಿನ ಕಡೆಗೇ, ಅವರು ನಿಲ್ಲುವುದು ಅದರ ಮುಖದ ಕಡೆಗೆ, ತಪಾಸಣೆಯಲ್ಲೂ ಹಾಗೇ ನಿಂತಿದ್ದೆವು. ತಪ್ಪಿದಷ್ಟು ಹಿಂದಕ್ಕೆ ನಾನೇ ಸ್ಕ್ರೂ ತಿರುಗಿಸಿದೆ. ಹಲಗೆಗಳು ಸಮ ಕೂತವು. ಸವಣೂರಿನ ಕಪಾಟು ಹೊಸದಾಗಿ ಮಾಡಿ ಕೊಟ್ಟೆವು, ಹಿರಿಯಾಕೆ ಬೆರಳೆಳೆದು ನಕ್ಕರು. ಆದರೆ ಕೆಲವು ವಾರಗಳಲ್ಲಿ, ಹಾನಗಲ್ಲಿನ ಒಂದು ಮನೆಯ ಅಡಿಗೆ ಕಪಾಟುಗಳನ್ನು ಕೂಡಿಸುವಾಗ, ಅದೇ ತಪ್ಪು ಮತ್ತೆ ತಲೆ ಎತ್ತಿತು. ಮತ್ತೆ ಸ್ಕ್ರೂ ತಿರುಗಿಸಿದೆ. ಮತ್ತೆ ತಪ್ಪಿತು. ಯಂತ್ರವೇನೋ ದಿನದಿನಕ್ಕೆ ಬೆಳೆಯುತ್ತಿರುವಂತೆ ಅನ್ನಿಸಿ ನನಗೆ ತಲೆ ಕೆಟ್ಟುಹೋಯಿತು. ಶಿಗ್ಗಾವಿಯಲ್ಲಿ ಇಂಥ ಯಂತ್ರಗಳನ್ನು ನೋಡುವ ಒಬ್ಬ ಫಿಟ್ಟರ್ ಇದ್ದಾನೆ ಎಂದು ಗೊತ್ತಾಗಿ ಫೋನು ಮಾಡಿದೆ.

ಅವನು ಬಂದ. ನನ್ನ ವಯಸ್ಸಿನವನೇ, ಹೊಟ್ಟೆ ಮುಂದೆ, ಆಮೇಲೆ ಅವನು. ಬಂದವನೇ ನಾವು ನೋಡಿದ್ದನ್ನೆಲ್ಲ ಮತ್ತೆ ನೋಡಿದ. ಬಿಟ್ಟುಗಳನ್ನು ಅಲ್ಲಾಡಿಸಿದ, ಹಾಸಿನ ಮೇಲೆ ಮೂಲೆಮಟ್ಟ ಇಟ್ಟು ನೋಡಿದ, ಎಲ್ಲ ಚೊಕ್ಕ ಐತಲ್ರಿ ಎಂದು ತಲೆ ಕೆರೆದುಕೊಂಡ. ಕೊನೆಗೆ, ನೀವು ನಿಲ್ಲುವಲ್ಲಿ ನಿಂತು ನೋಡುತ್ತೇನೆ ಎಂದು ಮನೆಯವರನ್ನು ಸರಿಸಿ ಅವರ ಜಾಗದಲ್ಲಿ ನಿಂತ. ನಿಂತವನು ಹಾಗೇ ತಡೆಪಟ್ಟಿಯ ಕಡೆಗೆ ಬಗ್ಗಿದ.

“ಅಕ್ಕಾರ, ಇದೇನ್ರಿ ಇದು?”

ನಾನು ಸುತ್ತುಹಾಕಿ ಆ ಕಡೆಗೆ ಹೋದೆ. ಕರಿ ಪಟ್ಟಿಯ ಎರಡೂ ತುದಿಗೆ ಬೆಳ್ಳಗೆ, ಮೂರು ಬೆರಳಿನ ಅಗಲಕ್ಕೆ, ಗೋಡೆಯ ಸುಣ್ಣದಂತೆ ಏನೋ ಕಟ್ಟಿಕೊಂಡಿತ್ತು. ನೋಡಿದ ತಕ್ಷಣ ನನಗೆ ತಿಳಿಯಿತು. ಅದು ವಿಭೂತಿ.

ಮನೆಯವರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿಯನ್ನು ನೀರಲ್ಲಿ ತೇದು ಹಣೆಗೆ ಮೂರು ಬೆರಳು ಎಳೆದುಕೊಂಡು ಶೆಡ್ಡಿಗೆ ಬರುತ್ತಾರೆ. ಬೆರಳಲ್ಲಿ ಉಳಿದ ವಿಭೂತಿಯನ್ನು ಒರೆಸಿ ಕೆಡಿಸಬಾರದು ಎಂದು ಯಂತ್ರಕ್ಕೆ ಹಚ್ಚುತ್ತಾರೆ. ನಮ್ಮ ಕಡೆ ತಕ್ಕಡಿಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಮಷಿನಿಗೆ ಯಾರೂ ಹಚ್ಚದೇ ಬಿಡುವುದಿಲ್ಲ. ಆದರೆ ಎಲ್ಲರೂ ಹಣೆಯಂಥ ಜಾಗ ಹುಡುಕಿ ಎದುರಿಗೆ ಹಚ್ಚುತ್ತಾರೆ. ಇವರಿಗೆ ಯಂತ್ರದ ಹಣೆ ತಡೆಪಟ್ಟಿಯೇ. ಅದೂ ಒಂದೇ ತುದಿಗೆ ಹಚ್ಚಿದರೆ ಇನ್ನೊಂದು ತುದಿಗೆ ಬೇಜಾರಾದೀತು ಎಂಬಂತೆ ಎರಡೂ ಕಡೆಗೆ. ಒದ್ದೆ ವಿಭೂತಿ ಒಣಗುವ ಮೊದಲೇ ಹೊಟ್ಟಿನ ಧೂಳು ಅಂಟಿ, ಹಲಗೆ ಬಡಿದು ಬಡಿದು ಗಟ್ಟಿಯಾಗಿ, ಅದರ ಮೇಲೆ ಮರುದಿನದ ಪದರ ಕೂತು, ಹೀಗೆ ಬೆಳೆದಿತ್ತು. ಹಲಗೆ ಪಟ್ಟಿಗೆ ತಾಗುವ ಮೊದಲು ವಿಭೂತಿಗೆ ತಾಗಿ ನಿಲ್ಲುತ್ತಿತ್ತು. ಎರಡೂ ತುದಿಗೆ ಸಮವಾಗಿ ಇದ್ದದ್ದರಿಂದ ತಪ್ಪೂ ಸಮವಾಗಿ ಬರುತ್ತಿತ್ತು.

“ದೇವರದು. ಕೆರೀಲೇನ್ರಿ?” ಎಂದು ಫಿಟ್ಟರ್ ಚಾಕು ಹಿಡಿದುಕೊಂಡು ಕೇಳಿದ.

“ಕೆರಿಯಪ್ಪ. ದೇವರಿಗೂ ಹಲಗಿಗೂ ನಡಕ ಜಗಳ ಹಚ್ಚಿದ್ದು ನಾನ,” ಎಂದರು ಮನೆಯವರು.

ಎಲ್ಲರೂ ನಕ್ಕೆವು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವನು ನೀರು ಚಿಮುಕಿಸಿ ಕೆರೆದಂತೆ ಬಿಳಿ ಚಕ್ಕೆಗಳು ಉದುರಿದವು. ನಾನು ಅವನ್ನು ಕಾಲಿಗೆ ಸಿಗದ ಹಾಗೆ ಕಾಗದದಲ್ಲಿ ಕೂಡಿಸಿ ತುಳಸಿ ಗಿಡದ ಬುಡಕ್ಕೆ ಹಾಕಿ ಬಂದೆ. ಸ್ಕ್ರೂವನ್ನು ಮೊದಲಿದ್ದಲ್ಲಿಗೆ ತಂದು ತೂತು ಹೊಡೆದರೆ ಎಲ್ಲ ಸರಿ. ಎರಡು ಹಲಗೆ ಕೂಡಿಸಿ ಬೆರಳೆಳೆದೆ. ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಗುತ್ತದೆ ಎಂದು ತಿಳಿಯಲಿಲ್ಲ.

ಚಹಾ ಕುಡಿದು ಹೊರಡುವ ಮುಂದೆ ಫಿಟ್ಟರ್ ಚೀಲ ಹೆಗಲಿಗೇರಿಸಿ, ಸುಮ್ಮನೆ ತಮಾಷೆಗೆ ಒಂದು ಮಾತು ಕೇಳಿದ.

“ಅಲ್ರಿ ಸಾವ್ಕಾರ್ರ, ಕರಿ ಪಟ್ಟಿ ಮ್ಯಾಲ ಬೆಳ್ಳಗ ಇಷ್ಟ ದಪ್ಪ ಆಗೂ ತನಕ ನಿಮಗ ಕಾಣ್ಲಿಲ್ಲೇನ್ರಿ? ದಿನಾ ಅದರ ಮುಂದ ನಿಂದರ್ತೀರಿ.”

“ಕಂಡಿತ್ತಪ್ಪ. ದೇವರದು ಅಂತ ಬಿಟ್ಟಿದ್ದೆ,” ಎಂದರು ಮನೆಯವರು.

ಅವನು ನಗುತ್ತ ಗಾಡಿ ಹತ್ತಿ ಹೋದ. ನಾನು ನಗಲಿಲ್ಲ. ನಮ್ಮ ಮನೆಯವರನ್ನು ನಾನು ಬಲ್ಲೆ. ಹಲಗೆಯ ಮೇಲೆ ಎಳ್ಳುಕಾಳಿನಷ್ಟು ಅಂಟು ಉಳಿದರೂ ಕೆರೆಯದೆ ಊಟಕ್ಕೆ ಏಳುವವರಲ್ಲ. ಅವರಿಗೆ ಅದು ಕಂಡಿದ್ದರೆ ಒಂದು ವಾರವೂ ಬಿಡುತ್ತಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತೇ ಕೇಳಿದೆ.

“ಖರೆ ಹೇಳ್ರಿ. ಆ ಪಟ್ಟಿ ನಿಮಗ ಕಾಣತೈತೇನು?”

ಅವರು ಯಂತ್ರದ ಹಾಸನ್ನು ಅಂಗೈಯಿಂದ ಒರೆಸಿದರು.

“ಸಂಕ್ರಾಂತಿ ಮುಂದ ಕಾಣತಿತ್ತು,” ಎಂದರು. “ಈಗ ನಡಕಿನದೆಲ್ಲಾ ಹೊಗಿ ತುಂಬಿದಂಗ ಐತಿ. ಬಾಜೂಕಿಂದು ಒಂದೀಟು ಕಾಣತೈತಿ. ಅಡ್ಡಾಡಾಕ ಸಾಕು.”

“ಮತ್ತ ಕೆಲಸ ಹೆಂಗ ಮಾಡಾಕತ್ತೀರಿ?”

“ಬಡಿಯೂ ತನಕ ದಬ್ಬತೇನಿ. ಬಡದ ಕೂಡ್ಲೆ ನಿಲ್ಲತೇನಿ. ಅದರಾಗ ನೋಡೂದೇನೈತಿ?”

ಆಮೇಲೆ ನನ್ನ ಕೈ ಹಿಡಿದು, ಹಾಸಿನ ತಮ್ಮ ಬದಿಗಿದ್ದ ಅಳತೆಯ ಕಡ್ಡಿಯ ಮೇಲೆ ಇಡಿಸಿದರು. ಬೇಕಾದ ಅಳತೆಗಳ ಜಾಗಕ್ಕೆಲ್ಲ ಅರದಿಂದ ಸಣ್ಣ ಸಣ್ಣ ಕಚ್ಚು ಹಾಕಿಕೊಂಡಿದ್ದರು. ಉಗುರು ಎಳೆದರೆ ಕಚ್ಚಿಗೆ ಸಿಕ್ಕಿ ನಿಲ್ಲುತ್ತಿತ್ತು. ನೋಟ ಇನ್ನೂ ಸ್ವಲ್ಪ ಇರುವಾಗಲೇ, ಮುಂದೆ ಇರುವುದಿಲ್ಲ ಎಂದು ತಿಳಿದೇ, ಕೂತು ಮಾಡಿಕೊಂಡ ಕೆಲಸ ಅದು. ನಾನು ಯಂತ್ರದ ಆಚೆ ಕಡೆ ನಿಂತು ಹಾಡು ಹೇಳುತ್ತ ಪಟ್ಟಿ ಅಂಟಿಸುತ್ತಿದ್ದೆ.

ನನ್ನ ಲೆಕ್ಕಾಚಾರದ ಗತಿ ಆಗ ಅರ್ಥವಾಯಿತು. ಎಲ್ಲ ತುಂಡಿನಲ್ಲೂ ತಪ್ಪು ಒಂದೇ ಥರ ಬಂದದ್ದು ಕಣ್ಣು ಸರಿಯಿದ್ದುದಕ್ಕಲ್ಲ. ಅರೆಬರೆ ಕಾಣುವವರು ಕಂಡದ್ದನ್ನು ನಂಬಿ ತಪ್ಪುತ್ತಾರೆ. ಇವರು ನೋಡುವುದನ್ನೇ ಬಿಟ್ಟಿದ್ದರು. ಅದಕ್ಕೆ ನಾನು ಹೋಳಿಗೆ ಮಾಡಿದ್ದೆ! ನನಗೆ ಎಂಥ ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಚಹಾದ ಲೋಟವನ್ನು ಗೋಡೆಗೆ ಬಿಸಾಕಿದೆ. ಬಾಯಿಗೆ ಬಂದಂತೆ ಬೈದೆ. ಅವರು ಎಂದಿನಂತೆ ಕೇಳಿಸಿಕೊಂಡರು.

ಹುಬ್ಬಳ್ಳಿಗೆ ಮರುದಿನ ಬೆಳಗಿನ ಬಸ್ಸಿಗೇ ಹೋದೆವು. ಡಾಕ್ಟರು ಕಣ್ಣಿಗೆ ಔಷಧ ಬಿಟ್ಟು, ದೀಪ ಹಿಡಿದು, ಫೋಟೋ ತೆಗೆದು, ಕೊನೆಗೆ ನನ್ನ ಕಡೆ ತಿರುಗಿ ಮಾತಾಡಿದರು. ನಡುವಿನ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ. ಅಂಚಿನಲ್ಲಿ ಉಳಿದದ್ದನ್ನು ಉಳಿಸಲು ಸೂಜಿ ಹಾಕಿ ನೋಡೋಣ, ಮಾತು ಕೊಡಲಾರೆ. ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು. ಮನೆಯವರು, ಕೆಲಸ ಇತ್ತು ಸಾಹೇಬರ ಎಂದರು. ಬರುವಾಗ ಬಸ್ಸು ಶಿಗ್ಗಾವಿ ದಾಟಿದ ಮೇಲೆ ಅವರೇ, “ಆ ವಿಭೂತಿ ಒಂದು ಕಟ್ಟದಿದ್ರ ನಿನಗ ಇನ್ನೊಂದ್ ವರ್ಷ ಗೊತ್ತಾಗತಿದ್ದಿಲ್ಲ ನೋಡು,” ಎಂದರು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ.

ಹಾನಗಲ್ಲಿನ ಕೆಲಸ ಅರ್ಧಕ್ಕೆ ನಿಂತಿತ್ತು. ಇನ್ನು ಯಂತ್ರದ ಮುಂದೆ ನಾನೇ ನಿಲ್ಲುವುದೆಂದು ತೀರ್ಮಾನವಾಯಿತು. ಅವರು ನನ್ನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕುಳಿತು ಕಲಿಸುತ್ತಿದ್ದರು. ಮೋಟಾರು ಹಾಕಿದೆ. ಹಲಗೆ ಇಟ್ಟು ದಬ್ಬಿದೆ. ಪಟ್ಟಿಗೆ ತಾಗಿತೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡಿದೆ. ನೋಡುವಷ್ಟರಲ್ಲಿ ಕೈ ಸಡಿಲಾಗಿ ಹಲಗೆ ಜರುಗುತ್ತಿತ್ತು, ತೂತು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತಿತ್ತು.

“ಬಗ್ಗಿ ನೋಡಬ್ಯಾಡ,” ಎಂದರು ಹಿಂದಿನಿಂದ. “ಕೈಯಾಗ ತಿಳಿತೈತಿ. ಕಣ್ಣ ಮುಚ್ಚು.”

ಮುಚ್ಚಿದೆ. ಒಮ್ಮೆಗೇ ಮೋಟಾರಿನ ಸದ್ದು ಶೆಡ್ಡಿನ ತುಂಬ ದೊಡ್ಡದಾಯಿತು. ಹಲಗೆಯನ್ನು ದಬ್ಬುತ್ತಿದ್ದೆ, ಆದರೆ ನನ್ನ ಬೆರಳುಗಳು ಎಲ್ಲಿವೆ, ಡ್ರಿಲ್ಲುಗಳು ಎಲ್ಲಿ ಏಳುತ್ತವೆ, ಏನೂ ತಿಳಿಯಲಿಲ್ಲ. ಹಲಗೆ ಎಲ್ಲೋ ಹೋಗಿ ಟಕ್ಕೆಂದು ಬಡಿಯಿತು.

“ಹಾಂ, ಬಡೀತು. ಈಗ ಪೆಡಲ್ ತುಳಿ.”

ನನ್ನ ಕಾಲು ಏಳಲಿಲ್ಲ.

“ತುಳಿ, ಹೆದರಬ್ಯಾಡ,” ಎಂದರು ಮೆಲ್ಲಗೆ. “ಕೈ ಎಲ್ಲೈತೋ ಏನೋ ಅಂತ ಮೊದಲನೇ ದಿನ ಅಷ್ಟ ಹೆದರಿಕಿ ಆಕ್ಕೈತಿ.”

ನಾನು ಕಣ್ಣು ತೆರೆದೆ. ತಗಡಿನ ಸಂದಿನಿಂದ ಬಿಸಿಲು ಯಂತ್ರದ ಮೇಲೆ ಬಿದ್ದಿತ್ತು. ಕೈ ಚಾಚಿ ಮೋಟಾರಿನ ಸ್ವಿಚ್ಚು ಆರಿಸಿದೆ. ಶೆಡ್ಡು ನಿಶ್ಶಬ್ದವಾಯಿತು.

“ಯಾಕ, ಕರೆಂಟ್ ಹೋತೇನು?” ಎಂದರು ಅವರು.

ಹೌದು ಎಂದೆ.